ಆರು ಆಂಪಿಯರ್ ಸಾಕು

ಬ್ರೆಡ್ಡಿನ ಮೇಲೆ ಕಂದು ಚೀಸಿನ ತೆಳು ಹೋಳು ಇಟ್ಟು, ಅದು ಮೇಲಿನ ತುಂಡಿಗೆ ಅಂಟಿಕೊಳ್ಳದ ಹಾಗೆ ನಡುವೆ ಕಾಗದ ಸೇರಿಸುವಷ್ಟರಲ್ಲಿ ಗುನ್ವೋರಳ ಫೋನು ಕಿಟಕಿಯ ಕಟ್ಟೆಯ ಮೇಲೆ ಗುಂಯ್ ಎಂದಿತು. ಕಾರಿನ ಸಂದೇಶ. ಓದದೆಯೂ ಅವಳಿಗೆ ಗೊತ್ತಿತ್ತು. ಆದರೂ ಬೆಣ್ಣೆ ಮೆತ್ತಿದ ಬೆರಳನ್ನು ಸೊಂಟಕ್ಕೆ ಒರೆಸಿಕೊಂಡು ನೋಡಿದಳು. ಮೂವತ್ತೆಂಟು.

ನಿನ್ನೆ ಸಂಜೆ ಐದಕ್ಕೆ ಚಾರ್ಜಿಗೆ ಹಾಕಿದಾಗ ಹದಿನಾಲ್ಕು ಇತ್ತು. ಈಗ ಬೆಳಿಗ್ಗೆ ಆರು. ರಾತ್ರಿಯೆಲ್ಲಾ ಗೋಡೆಗೆ ಬಾಯಿ ಹಚ್ಚಿ ನಿಂತ ಕಾರು ನೂರಕ್ಕೆ ಮೂವತ್ತೆಂಟರಷ್ಟು ಹೊಟ್ಟೆ ತುಂಬಿಸಿಕೊಂಡಿತ್ತು. ಅವಳ ಇವತ್ತಿನ ಸುತ್ತಿಗೆ ಕಡಿಮೆಯೆಂದರೂ ಅರವತ್ತು ಬೇಕು. ಏಪ್ರಿಲ್ ಮುಗಿಯುತ್ತ ಬಂದಿದ್ದರೂ ಹೊರಗೆ ಇನ್ನೂ ಸೊನ್ನೆಗಿಂತ ಐದು ಡಿಗ್ರಿ ಕೆಳಗಿತ್ತು.

"ಮತ್ತೆ ತುಂಬಿಲ್ವಾ?" ತೀರಿಲ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಒಂದೇ ಕಾಲಿಗೆ ಕಾಲುಚೀಲ. ಏಳು ವರ್ಷದ ಹುಡುಗಿ. ಎದ್ದ ತಕ್ಷಣ ಅಮ್ಮನ ಮುಖ ನೋಡಿ ಕಾರಿನ ಲೆಕ್ಕ ಹೇಳುವುದನ್ನು ಈ ಚಳಿಗಾಲದಲ್ಲಿ ಕಲಿತುಬಿಟ್ಟಿದ್ದಳು.

"ಸ್ವಲ್ಪ ತುಂಬಿದೆ ಪುಟ್ಟಿ."

"ಸ್ವಲ್ಪ ಅಂದ್ರೆ? ಹಾಲ್ವರ್ ಮನೆಗೆ ಹೋಗಿ ಬರೋಷ್ಟಾ?"

"ಹೋಗೋಷ್ಟು."

"ಬರೋಕೆ?"

"ಬರೋವಾಗ ತಳ್ಕೊಂಡ್ ಬರ್ತೀನಿ. ಆ ಇನ್ನೊಂದು ಕಾಲಿಗೂ ಹಾಕ್ಕೊ, ನೆಲ ತಣ್ಣಗಿದೆ."

ತೀರಿಲ್ ನಗಲಿಲ್ಲ. ಕಾಲುಚೀಲವನ್ನು ಕೈಗೆ ಸುತ್ತಿಕೊಳ್ಳುತ್ತ, "ಅಮ್ಮಾ, ಒಂದು ಕೇಳ್ಲಾ? ಓಡ್‌ಗೈರ್ ದಿನಾ ಸಂಜೆ ಗ್ಯಾರೇಜಲ್ಲಿ ಅದ್ಯಾಕೆ..." ಎಂದು ಶುರು ಮಾಡಿದಳು.

"ಕಾರಲ್ಲಿ ಕೇಳು, ಬಂಗಾರ. ಈಗ ಹೊರಡ್ಬೇಕು. ಬಂಕಲ್ಲಿ ಅರ್ಧ ಗಂಟೆ ಚಾರ್ಜಿಗೆ ನಿಲ್ಲಿಸ್ಬೇಕು, ಮೊದ್ಲು ನಿನ್ನ ಬಿಡ್ಬೇಕು."

ಕಾರಿನಲ್ಲಿ ತೀರಿಲ್ ಕೇಳಲಿಲ್ಲ, ಏಕೆಂದರೆ ಗುನ್ವೋರ್ ಶಾಲೆಯ ಬಾಗಿಲಿನವರೆಗೂ ಫೋನು ಹಚ್ಚುತ್ತಲೇ ಇದ್ದಳು. ಕಣಿವೆಯ ತುದಿಯಲ್ಲಿ, ನಲವತ್ತಾರು ಕಿಲೋಮೀಟರ್ ಆಚೆ ಒಂಟಿಯಾಗಿರುವ ಎಂಬತ್ತೊಂಬತ್ತರ ಹಾಲ್ವರ್‌ಗೆ, ಇನ್ಸುಲಿನ್ ಚುಚ್ಚುವ ಮೊದಲು ಗಂಜಿ ತಿನ್ನಬೇಡ ಎಂದು ಹೇಳುವುದಕ್ಕೆ. ಹಾಲ್ವರ್ ಫೋನು ಎತ್ತಲಿಲ್ಲ. ಕಿವಿಯ ಮಿಷನ್ನನ್ನು ಅವನು ಯಾವಾಗಲೂ ಸಕ್ಕರೆ ಡಬ್ಬಿಯ ಪಕ್ಕ ಇಟ್ಟಿರುತ್ತಿದ್ದ.

ಅವಳು ತಲುಪುವಷ್ಟರಲ್ಲಿ ಅವನು ತಿಂದು ಮುಗಿಸಿದ್ದ. ಬಟ್ಟಲಿನ ಅಂಚಿನಲ್ಲಿ ಗಂಜಿ ಒಣಗಿತ್ತು. ರಕ್ತದ ಸಕ್ಕರೆ ಹತ್ತೊಂಬತ್ತು ದಾಟಿತ್ತು, ಅಲ್ಲಿನ ಅಳತೆಯಲ್ಲಿ ಅದು ಇರಬೇಕಾದ್ದರ ಎರಡು ಪಟ್ಟಿಗೂ ಹೆಚ್ಚು; ಗಂಟಲು ಒಣಗಿ ನಾಲಿಗೆ ತೊದಲುತ್ತಿತ್ತು. ಅಷ್ಟಾದರೂ ಕ್ಷಮೆ ಕೇಳಿದ್ದು ಅವನೇ. "ತಪ್ಪಾಯ್ತು ಕಣಮ್ಮ, ಹಸಿವು ತಡ್ಯಕ್ಕಾಗ್ಲಿಲ್ಲ. ನೀನು ಬರ್ತೀಯೋ ಇಲ್ವೋ ಅಂತ..." ಎಂದು ತೋಳು ಚಾಚಿದ. ಆ ತೋಳನ್ನು ಅವನು ಮನೆಮನೆಗೆ ಬರುವ ನರ್ಸುಗಳಲ್ಲಿ ಇವಳೊಬ್ಬಳಿಗೇ ಕೊಡುತ್ತಿದ್ದ. ಕಾಗದದಷ್ಟು ತೆಳುವಾಗಿದ್ದ ಆ ಚರ್ಮವನ್ನು ಚಿಟಿಕೆಯಲ್ಲಿ ಹಿಡಿದು ಸೂಜಿ ಇಳಿಸುವಾಗ ಗುನ್ವೋರ್‌ಗೆ ಯಾರ ಮೇಲೆ ಎಂದು ಗೊತ್ತಿಲ್ಲದ ಒಂದು ಹೇಸಿಗೆ ಹುಟ್ಟಿತು.

ಮಧ್ಯಾಹ್ನ ಮೇಲ್ವಿಚಾರಕಿ ಬೆಂಟೆ ಫೋನು ಮಾಡಿದಳು.

"ಗುನ್ವೋರ್, ಇದು ಮೂರನೇ ಸಲ."

"ಗೊತ್ತು. ಕಾರು..."

"ಕಾರು ಕಾರು ಅಂತ ಎಷ್ಟು ದಿನ? ಆ ದಾರಿಗೆ ಸ್ವಂತ ಕಾರಲ್ಲಿ ಹೋಗ್ತೀನಿ ಅಂತ ಒಪ್ಕೊಂಡೇ ಬಂದೋಳು ನೀನು. ಮೇ ಹದಿನೈದಕ್ಕೆ ನಿನ್ನ ಪ್ರೊಬೇಷನ್ ಮುಗಿಯತ್ತೆ. ಇನ್ನೊಂದ್ಸಲ ಹೀಗಾದ್ರೆ ನನ್ನ ಕೈಲಿ ಸಹಿ ಹಾಕಕ್ಕಾಗಲ್ಲ. ನಂಗೂ ಬೇಜಾರೇ."

ಆಮೇಲೆ ಹಾಲ್ವರ್ ಯಾರಿಗೆ ತೋಳು ಕೊಡುತ್ತಾನೆ ಎಂದು ಬೆಂಟೆ ಹೇಳಲಿಲ್ಲ. ಗುನ್ವೋರ್ ಕೇಳಲೂ ಇಲ್ಲ.

ಅವಳು ಮಾಡದೆ ಬಿಟ್ಟ ಪ್ರಯತ್ನವಿರಲಿಲ್ಲ. ಜನವರಿಯಲ್ಲಿ ಮೊದಲು ಕೇಬಲ್ ಬದಲಾಯಿಸಿದಳು. ಪಕ್ಕದ ಮನೆಯ ಸಿಸ್ಸೆಲ್ ತನ್ನದನ್ನು ಒಂದು ವಾರ ಕೊಟ್ಟಿದ್ದಳು. ಆ ಕೇಬಲ್ಲು ಸಿಸ್ಸೆಲಳ ಕಾರಿಗೆ ಒಂದು ರಾತ್ರಿಯಲ್ಲಿ ಹೊಟ್ಟೆ ತುಂಬಿಸುತ್ತಿತ್ತು, ಇವಳ ಕಾರಿಗೆ ಬಂದರೆ ಅದೇ ಕಾಲು ಹೊಟ್ಟೆ. ಕಾರಿನೊಳಗಿನ ಸೆಟ್ಟಿಂಗನ್ನು ಒಂದೊಂದಾಗಿ ತೆರೆದು ನೋಡಿದಳು. ಚಾರ್ಜಿಂಗ್ ಮಿತಿ ಪೂರ್ತಿ ಮೇಲೇ ಇತ್ತು. ಹೊತ್ತು ನೋಡಿ ಚಾರ್ಜು ಮಾಡು ಎಂಬ ಗುಂಡಿ ಬಂದ್ ಆಗಿತ್ತು. ಬ್ಯಾಟರಿ ತಣ್ಣಗಾದರೆ ಕರೆಂಟು ಎಳೆಯುವುದಿಲ್ಲ ಎಂದು ಯಾರೋ ಹೇಳಿದ್ದಕ್ಕೆ, ಕೆಲಸದಿಂದ ಬಂದು ಬಿಸಿ ಆರುವ ಮೊದಲೇ ಪ್ಲಗ್ಗು ಸಿಕ್ಕಿಸಿದಳು. ಪ್ಲಗ್ಗಿನ ತೂತುಗಳಲ್ಲಿ ಕೂತಿದ್ದ ಉಪ್ಪು, ಮಣ್ಣನ್ನು ತೀರಿಲಳ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಳು. ಗೋಡೆಯ ಚಾರ್ಜಿಂಗ್ ಪೆಟ್ಟಿಗೆ ಮಾಡಿದ ಕಂಪನಿಗೆ ಫೋನು ಹಚ್ಚಿ ಮುಕ್ಕಾಲು ಗಂಟೆ ಕೊಳಲಿನ ಸಂಗೀತ ಕೇಳಿದಳು. ಕೊನೆಗೆ ರಜೆ ಹಾಕಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿದಳು. ಅವನು ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಮೀಟರು ಹಿಡಿದು ನೋಡಿ, "ಏನೂ ತೊಂದ್ರೆ ಇಲ್ವಲ್ಲಮ್ಮ! ಹದಿನಾರು ಆಂಪಿಯರ್ ಸೊಗಸಾಗಿ ಬರ್ತಾ ಇದೆ. ಪ್ಲಗ್ಗು ಗಟ್ಟಿಯಾಗಿ ಒತ್ತು" ಎಂದು ಹೇಳಿ ಹೋದ. ಅವನಿಗೆ ಕಾಫಿ ಕೊಟ್ಟು, ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ನಾಚಿಕೊಂಡಳು.

ಉತ್ತರದ ಆ ಚಳಿ ನಾಡಿನ ಜನ ಪಕ್ಕದವನು ಮೋಸ ಮಾಡಿರಬಹುದು ಎಂದು ಅನುಮಾನ ಪಡುವ ಮೊದಲು ತಮ್ಮ ಕೇಬಲ್ಲನ್ನು ನಾಲ್ಕು ಸಲ ಬದಲಾಯಿಸುತ್ತಾರೆ. ಗುನ್ವೋರ್ ಅವರಲ್ಲಿ ಒಬ್ಬಳು. ಅಂಗಳದ ಸುತ್ತ ಹನ್ನೆರಡು ಮನೆ, ಎಲ್ಲಕ್ಕೂ ಸೇರಿ ಉದ್ದನೆಯ ಒಂದು ಗ್ಯಾರೇಜು, ಗೋಡೆಯ ಮೇಲೆ ಸಾಲಾಗಿ ಹನ್ನೆರಡು ಪೆಟ್ಟಿಗೆ. ಬರುವ ಕರೆಂಟು ಒಂದೇ, ಅದನ್ನು ಹನ್ನೆರಡು ಮನೆಗೂ ಸಮನಾಗಿ ಹಂಚಬೇಕು ಎಂದು ಮೂರು ವರ್ಷದ ಹಿಂದೆ ಸಭೆಯಲ್ಲಿ ಎಲ್ಲರೂ ಕೈಯೆತ್ತಿ ಒಪ್ಪಿದ್ದರಂತೆ. ಇವಳು ಆಗ ಇರಲಿಲ್ಲ. ಗಂಡನಿಂದ ಬೇರೆಯಾಗಿ, ತೀರಿಲಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದು ಎರಡೇ ವರ್ಷ.

ಆ ಹನ್ನೆರಡು ಮನೆಗೆ ಹನ್ನೊಂದು ವರ್ಷದಿಂದ ಅಧ್ಯಕ್ಷನಾಗಿದ್ದವನು ಓಡ್‌ಗೈರ್. ನಿವೃತ್ತ ಹೆಡ್‌ಮಾಸ್ತರ. ಎದುರಿಗೆ ಯಾರೂ ನಿಲ್ಲುತ್ತಿರಲಿಲ್ಲ. ಕೇಳಿದರೆ, "ನಂಗೇನು ಆಸೆ ಇಲ್ಲಪ್ಪ, ಯಾರಾದ್ರೂ ಮಾಡ್ಬೇಕಲ್ಲ" ಎನ್ನುತ್ತಿದ್ದ. ಅವಳು ಫೆಬ್ರವರಿಯಲ್ಲಿ ದೂರು ಕೊಟ್ಟಾಗ ಖುದ್ದಾಗಿ ಗ್ಯಾರೇಜಿಗೆ ಬಂದ. ಮೇಲ್ತುಟಿಯ ಒಳಗೆ ಬೆರಳು ಹಾಕಿ, ಅಲ್ಲಿ ಅದುಮಿಟ್ಟುಕೊಂಡಿದ್ದ ಸ್ನೂಸನ್ನು, ಎಂದರೆ ತಂಬಾಕಿನ ಆ ಪುಟ್ಟ ಬಿಳಿ ಚೀಲವನ್ನು, ಸರಿಮಾಡಿಕೊಂಡ. ಎಂಜಲಾದ ಅದೇ ಬೆರಳಿನಿಂದ ಅವಳ ಪೆಟ್ಟಿಗೆಯ ಮುಖವನ್ನು ಎರಡು ಸಲ ತಟ್ಟಿದ.

"ಪೆಟ್ಟಿಗೆ ಚೆನ್ನಾಗೇ ಇದೆ. ನಿನ್ನ ಕಾರಿಗೆ ವಯಸ್ಸಾಯ್ತು ಅನ್ಸತ್ತೆ ಗುನ್ವೋರ್. ಸೀಟು ಬಿಸಿ ಮಾಡೋ ಅಭ್ಯಾಸ ಇದ್ಯಾ?"

"ಬೆಳಿಗ್ಗೆ ಒಂದೈದು ನಿಮಿಷ..."

"ಹ್ಞಾ! ನೋಡು. ನಾವೆಲ್ಲ ಜಾಕೆಟ್ಟು ಹಾಕ್ಕೋತೀವಿ." ನಕ್ಕ. ಮೇಲ್ತುಟಿ ಉಬ್ಬಿ, ವಸಡಿನ ಮೇಲೆ ಕಂದು ರಸ ಜಿನುಗಿದ್ದು ಕಂಡಿತು. "ಕರೆಂಟಂತೂ ಎಲ್ರಿಗೂ ಒಂದೇ. ನಿಂಗೂ ಅಷ್ಟೆ, ನಂಗೂ ಅಷ್ಟೆ. ಇಲ್ಲಿ ಯಾರೂ ಯಾರಿಗಿಂತ ದೊಡ್ಡೋರಲ್ಲ."

ಅವನು ಹೋದ ಮೇಲೆ ಅವಳು ಕಾಗದಕ್ಕೆ ಸ್ಪಿರಿಟ್ ಹಾಕಿ ಪೆಟ್ಟಿಗೆಯನ್ನು ಒರೆಸಿದಳು. ನರ್ಸಾಗಿ ಹದಿನೈದು ವರ್ಷದಲ್ಲಿ ಅವಳು ಮುಟ್ಟದ ಹೊಲಸಿಲ್ಲ. ಕೀವು, ವಾಂತಿ, ಮೂರು ದಿನದ ಒದ್ದೆ ಹಾಸಿಗೆ, ಯಾವುದಕ್ಕೂ ಮೂಗು ಮುಚ್ಚಿಕೊಂಡವಳಲ್ಲ. ಆ ಒಂದು ಬೆರಳಿನ ಗುರುತನ್ನು ಮಾತ್ರ ಮುಖ ತಿರುಗಿಸಿ ಎರಡನೇ ಸಲ ಒರೆಸಿದಳು. ಅಂದು ಅವಳ ಜೊತೆಗಿದ್ದ ತೀರಿಲ್ ತನ್ನ ಸೈಕಲ್ಲಿನ ಮೇಲೆ ಕೂತು ಗೋಡೆಯ ದೀಪಗಳನ್ನು ನೋಡುತ್ತಿದ್ದಳು. ಕರೆಂಟು ಜೋರಾಗಿ ಹರಿದರೆ ಪೆಟ್ಟಿಗೆಯ ಹಸಿರು ದೀಪ ಬೇಗ ಬೇಗ ಮಿಣುಕುತ್ತದೆ, ಸಣ್ಣಗೆ ಹರಿದರೆ ನಿಧಾನ. "ನಮ್ದು ನಿದ್ದೆ ಮಾಡ್ತಾ ಇದೆ ಅಮ್ಮಾ. ಓಡ್‌ಗೈರ್‌ದು ಓಡ್ತಾ ಇದೆ. ಯಾಕೆ ಅಂತ ಓಡ್‌ಗೈರ್‌ನ ಕೇಳ್ಲಾ?" ಎಂದಿದ್ದಳು.

"ಬೇಡ ಪುಟ್ಟಿ. ದೊಡ್ಡೋರನ್ನ ಹಾಗೆಲ್ಲ ಕೇಳ್ಬಾರ್ದು. ಅನುಮಾನ ಪಟ್ಟ ಹಾಗಾಗತ್ತೆ."

ಹಾಗೆ ಹೇಳಿ ಮಗಳ ಟೋಪಿ ಸರಿ ಮಾಡಿದ್ದಳು.

ಮೇ ತಿಂಗಳ ಮೊದಲ ಶನಿವಾರ ದುಗ್ನಾದ್. ಹಿಮ ಕರಗಿದ ಮೇಲೆ ಹನ್ನೆರಡು ಮನೆಯವರೂ ಗುದ್ದಲಿ, ಪೊರಕೆ ಹಿಡಿದು ಅಂಗಳಕ್ಕೆ ಇಳಿದು, ಚಳಿಗಾಲದ ಕೊಳೆಯನ್ನೆಲ್ಲ ಒಟ್ಟಿಗೆ ತೆಗೆಯುವ ದಿನ. ಬಾರದಿದ್ದರೆ ಯಾರೂ ಏನೂ ಅನ್ನುವುದಿಲ್ಲ, ವರ್ಷವೆಲ್ಲ ನೆನಪಿಟ್ಟುಕೊಳ್ಳುತ್ತಾರೆ. ಯಾರಿಗೆ ಯಾವ ಕೆಲಸ ಎಂದು ಓಡ್‌ಗೈರ್ ಹಿಂದಿನ ದಿನವೇ ಗ್ಯಾರೇಜಿನ ಬಾಗಿಲಿಗೆ ಪಟ್ಟಿ ಅಂಟಿಸಿದ್ದ. 'ಓಡ್‌ಗೈರ್: ವಾಫಲ್' ಎಂದು ಮೊದಲಿಗೆ. 'ಗುನ್ವೋರ್: ನಾಯಿ' ಎಂದು ಕೊನೆಗೆ. ಹೋದ ವರ್ಷವೂ ಹಾಗೇ ಇತ್ತು.

ನಾಯಿ ಎಂದರೆ ಆರು ತಿಂಗಳು ಹಿಮದಡಿ ಹೂತಿದ್ದು ಈಗ ಒಟ್ಟಿಗೇ ಮೇಲೆ ಬಂದ ನಾಯಿಗಳ ಹೇಲು. ಕೆಲವು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿಟ್ಟಿದ್ದು, ಹೆಚ್ಚಿನವು ಹಾಗೇ, ನೀರು ಕುಡಿದು ಬಿಳುಚಿ, ಹುಲ್ಲಿಗೆ ಮೆತ್ತಿಕೊಂಡಿದ್ದವು. ಗುನ್ವೋರ್ ಬಗ್ಗಿ ಸಲಿಕೆಯಿಂದ ಒಂದೊಂದಾಗಿ ಬಕೆಟ್ಟಿಗೆ ಹಾಕುತ್ತಿದ್ದಳು. ಅವಳ ಮನೆಯಲ್ಲಿ ನಾಯಿಯೇ ಇರಲಿಲ್ಲ. ಓಡ್‌ಗೈರ್‌ನಿಗೆ ಎರಡಿದ್ದವು.

"ಏನೇ, ಬಂಗಾರ ಸಿಕ್ತಾ?" ಗ್ಯಾರೇಜಿನ ಬಾಗಿಲಲ್ಲಿ ನೀರಿನ ಪಂಪು ಹಿಡಿದು ನೆಲ ತೊಳೆಯುತ್ತಿದ್ದ ಸಿಸ್ಸೆಲ್ ಕೂಗಿದಳು.

"ಸಿಕ್ತು. ನಿಂಗೂ ಅರ್ಧ ಕೊಡ್ತೀನಿ ಬಾ."

"ಅಯ್ಯೋ, ನೀನೇ ಇಟ್ಕೊಳೇ ತಾಯಿ!"

ಅಷ್ಟರಲ್ಲಿ ಪಂಪು ಕೆಮ್ಮಿ ನಿಂತಿತು. ಗ್ಯಾರೇಜಿನ ದೀಪ ಆರಿತು. ಅಂಗಳದ ಮೇಜಿನ ಮೇಲೆ ವಾಫಲಿನ ಕಾವಲಿ ಅರ್ಧ ಬೆಂದ ಹಿಟ್ಟನ್ನು ಕಚ್ಚಿಕೊಂಡು ತಣ್ಣಗಾಯಿತು. ಕಾವಲಿ, ಪಂಪು ಎರಡನ್ನೂ ಒಂದೇ ಕಡೆ ಚುಚ್ಚಿದ್ದರಿಂದ ಫ್ಯೂಸು ಹಾರಿತ್ತು.

"ಯಾರಾದ್ರೂ ಫ್ಯೂಸ್ ಎತ್ರಪ್ಪಾ!" ಸಿಸ್ಸೆಲ್ ಕೂಗಿದಳು. "ಓಡ್‌ಗೈರ್ ಎಲ್ಲಿ?"

"ಹುಳಿ ಕೆನೆ ಮುಗೀತು ಅಂತ ಅಂಗಡಿಗೆ ಹೋದ," ಮೇಜಿನ ಹತ್ತಿರ ಯಾರೋ ಹೇಳಿದರು.

"ಫ್ಯೂಸಿನ ಬೀರುಗೆ ಬೀಗ ಹಾಕಿದೆ. ಕೀಲಿ ಅವನತ್ರಾನೇ ಇರತ್ತೆ."

"ಇಲ್ಲ," ಎಂದಳು ತೀರಿಲ್. "ನಂಗೊತ್ತು ಎಲ್ಲಿದೆ ಅಂತ."

ಅವಳು ಸೈಕಲ್ ಸ್ಟ್ಯಾಂಡಿನ ಹಿಂದೆ ಹೋಗಿ, ಒಡೆದ ಹೂಕುಂಡದ ಅಡಿಗೆ ಕೈಹಾಕಿ, ಕೆಂಪು ದಾರದ ಕೀಲಿ ತಂದು ಅಮ್ಮನ ಕೈಯಲ್ಲಿಟ್ಟಳು. ನಿಂಗೆ ಹೇಗೆ ಗೊತ್ತು ಎಂದು ಗುನ್ವೋರ್ ಕೇಳುವ ಮೊದಲೇ, "ನಾನು ಇಲ್ಲಿ ಸೈಕಲ್ ಹೊಡೀತಾ ಇರ್ತೀನಲ್ಲ. ದಿನಾ ಸಂಜೆ ಬಂದು ತಗೋತಾನೆ" ಎಂದಳು.

ಗ್ಯಾರೇಜಿನ ಮೂಲೆಯಲ್ಲಿದ್ದ ಕಬ್ಬಿಣದ ಬೀರುವಿನ ಬಾಗಿಲು ತೆರೆದಾಗ ಮೊದಲು ಬಂದದ್ದು ವಾಸನೆ. ಹಳಸಿದ ತಂಬಾಕು, ಎಂಜಲು, ಏನೋ ಮುಗ್ಗಿದ ಹುಳಿ. ಫ್ಯೂಸುಗಳ ಕೆಳಗಿನ ಅಂಚಿನ ಮೇಲೆ ಉಗಿದಿಟ್ಟ ಸ್ನೂಸ್ ಚೀಲಗಳು ಸಾಲಾಗಿ ಕೂತಿದ್ದವು. ಹಳೆಯವು ಒಣಗಿ ಇಲಿಯ ಹಿಕ್ಕೆಯ ಹಾಗೆ ಗಟ್ಟಿಯಾಗಿದ್ದವು, ಒಂದು ಇನ್ನೂ ಒದ್ದೆಯಿತ್ತು. ಗುನ್ವೋರ್ ಉಸಿರು ಬಿಗಿಹಿಡಿದು, ಕೆಳಗೆ ಬಿದ್ದಿದ್ದ ಗುಂಡಿಯನ್ನು ಗ್ಲೌಸು ಹಾಕಿದ ಬೆರಳಿನಿಂದ ಮೇಲೆತ್ತಿದಳು. ದೀಪ ಬಂತು. ಆಚೆ ಪಂಪು ಗುರ್ ಎಂದಿತು. ಯಾರೋ ಚಪ್ಪಾಳೆ ತಟ್ಟಿದರು.

ಬಾಗಿಲು ಮುಚ್ಚಬೇಕೆನ್ನುವಾಗ ಅದರ ಒಳಬದಿಗೆ ಅಂಟಿಸಿದ್ದ ಕಾಗದ ಕಣ್ಣಿಗೆ ಬಿತ್ತು. ಹೊರಗಿನ ಪಟ್ಟಿಯದೇ ದುಂಡನೆಯ ಹೆಡ್‌ಮಾಸ್ತರ ಅಕ್ಷರ. ಪಕ್ಕದಲ್ಲಿ ಪೆಟ್ಟಿಗೆಗಳ ಕರೆಂಟು ಹೆಚ್ಚು ಕಡಿಮೆ ಮಾಡುವ ಅಂಗೈಯಗಲದ ಪರದೆ, ಅದರ ಮೇಲೆ ಒಂದು ಸಾಲು: 'ಪ್ರತಿದಿನ ಬೆಳಿಗ್ಗೆ ಏಳಕ್ಕೆ ಎಲ್ಲ ಪೆಟ್ಟಿಗೆಗಳೂ ತಾವಾಗಿ ಸಮ.'

ತೀರಿಲ್ ಈ ವರ್ಷವಷ್ಟೇ ಕೂಡಿಸಿ ಓದಲು ಕಲಿತವಳು. ಬೆರಳಿಟ್ಟು ಓದತೊಡಗಿದಳು. "ಸಂ-ಜೆ ಹಾ-ಕ-ಬೇಕಾದ್ದು. ಓಡ್‌ಗೈರ್, ಇಪ್ಪತ್ತಾರು. ಸಿಸ್ಸೆಲ್, ಹದಿನಾರು..." ಉಳಿದವರಿಗೆಲ್ಲ ಹದಿನಾರು. ಬೆರಳು ಕೊನೆಯ ಸಾಲಿಗೆ ಬಂತು. "ಗುನ್ವೋರ್, ಆರು. ಅ-ವ-ಳಿಗೆ ಸಾ-ಕು." ತಲೆಯೆತ್ತಿ ನೋಡಿದಳು. "ಅಮ್ಮಾ, ಅವಳಿಗೆ ಅಂದ್ರೆ ನಿಂಗಾ?"

ಗುನ್ವೋರ್ ಆ ಸಾಲನ್ನು ತಾನೂ ಇನ್ನೊಮ್ಮೆ ಓದಿದಳು. ಅವಳೊಳಗೆ ಇಡೀ ಚಳಿಗಾಲ ಒಂದೇ ಏಟಿಗೆ ಕರಗಿ, ಅಡಿಯಲ್ಲಿದ್ದ ಹೊಲಸೆಲ್ಲ ಮೇಲೆ ಬಂದಿತ್ತು. ಎಲೆಕ್ಟ್ರಿಷಿಯನ್ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಅಷ್ಟು ಹೊತ್ತಿಗೆ ಎಲ್ಲ ಸಮ. ಅವಳು ಮನೆ ಬಿಡುವುದು ಏಳಕ್ಕೆ ಮೊದಲು. ಉಳಿದವರೆಲ್ಲ ಎಂಟಕ್ಕೆ. ಸಂಜೆ ಬಂದು ಕೀಲಿ ತಿರುಗಿಸಿ, ಸ್ನೂಸು ಉಗಿದು, ಅವಳ ಪಾಲಿನದನ್ನು ಕಿತ್ತು ತನ್ನ ದೊಡ್ಡ ಕಾರಿಗೆ ಹಾಕಿಕೊಂಡು ಹೋಗುವ ಮನುಷ್ಯ ಅವಳಿಗೆ ಜಾಕೆಟ್ಟು ಹಾಕಿಕೋ ಎಂದಿದ್ದ. ನಿವೃತ್ತನಿಗೆ ಬೆಳಿಗ್ಗೆ ಎಲ್ಲಿಗೆ ಹೋಗಬೇಕಿತ್ತು? ಮೀನು ಹಿಡಿಯುವುದಕ್ಕೆ. ಶನಿವಾರ, ಭಾನುವಾರ. ಉಳಿದ ದಿನ ಅವನ ಕಾರು ಹೊಟ್ಟೆ ಬಿರಿಯುವಷ್ಟು ತುಂಬಿಸಿಕೊಂಡು ಸುಮ್ಮನೆ ನಿಂತಿರುತ್ತಿತ್ತು. ಅತ್ತ ಹಾಲ್ವರ್ ಬಟ್ಟಲು ಮುಂದಿಟ್ಟುಕೊಂಡು ಕಿಟಕಿ ನೋಡುತ್ತಿದ್ದ.

ಕದ್ದದ್ದಕ್ಕಿಂತ ಅವಳಿಗೆ ಅಸಹ್ಯವಾದದ್ದು ಆ ಎರಡು ಪದ. ಅವಳಿಗೆ ಸಾಕು. ಯಾರೋ ಅವಳ ಅಡುಗೆಮನೆಗೆ ಬಂದು, ಮಗಳ ತಟ್ಟೆಯಿಂದ ಬೆರಳಲ್ಲಿ ತೆಗೆದು ತಿಂದು, ತಲೆ ಸವರಿ ಹೋದ ಹಾಗೆ.

ಅವಳು ಬಾಗಿಲು ಮುಚ್ಚಿದಳು. ಕಾಗದವನ್ನು ಕೀಳಲಿಲ್ಲ. ಕೀಲಿಯನ್ನು ಕುಂಡದಡಿ ಇಡಿಸಿದಳು. ಗ್ಲೌಸು ಬಿಚ್ಚಿ, ಮನೆಗೆ ಹೋಗಿ, ಮೊಣಕೈವರೆಗೂ ಸೋಪು ಹಚ್ಚಿ ಎರಡು ಸಲ ಕೈ ತೊಳೆದಳು. ಕನ್ನಡಿಯಲ್ಲಿ ನೋಡಿಕೊಂಡು ಹೇಳಬೇಕಾದ ಮಾತನ್ನು ಕಟ್ಟಿದಳು. ಎಲ್ಲರ ಮುಂದೆಯೇ ಹೇಳುತ್ತೇನೆ, ವಾಫಲ್ ತಿನ್ನುವಾಗ ಹೇಳುತ್ತೇನೆ ಎಂದುಕೊಂಡು ಹೊರಗೆ ಬಂದಳು.

ಓಡ್‌ಗೈರ್ ವಾಪಸ್ಸು ಬಂದಿದ್ದ. ಮೇಜಿನ ಸುತ್ತ ಎಲ್ಲರೂ ನಿಂತಿದ್ದರು, ಮುಖ ಕೆಂಪಾಗಿ, ಕೆಲಸ ಮುಗಿದ ಖುಷಿಯಲ್ಲಿ. ಅವನು ಕಾವಲಿಯಿಂದ ಬಿಸಿ ವಾಫಲನ್ನು ಬೆರಳಿನಲ್ಲೇ ಎತ್ತಿ, ಹುಳಿ ಕೆನೆ, ಸ್ಟ್ರಾಬೆರಿ ಜಾಮು ಸವರಿ, ಒಬ್ಬೊಬ್ಬರಿಗೂ ಹೆಸರು ಹಿಡಿದು ಕೊಡುತ್ತಿದ್ದ. ಮಕ್ಕಳೂ ಮುದುಕರೂ ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕರೆಯುವ ಅಂಗಳ ಅದು. ಇವಳ ಸರದಿ ಬಂದಾಗ ತುಟಿಯೊಳಗೆ ಬೆರಳು ಹಾಕಿ ಸ್ನೂಸು ಸರಿಸಿಕೊಂಡು, ಅದೇ ಬೆರಳಿನಿಂದ ವಾಫಲ್ ಮಡಿಸಿ ಚಾಚಿದ.

"ತಗೋ ಗುನ್ವೋರ್. ನಿಂದೇ ಇವತ್ತು ಗಲೀಜು ಕೆಲಸ. ದೊಡ್ಡದು ಕೊಟ್ಟಿದೀನಿ."

"ಥ್ಯಾಂಕ್ಸ್," ಎಂದಳು ಗುನ್ವೋರ್. ನಕ್ಕಳು ಕೂಡ.

ಆ ನಗು ಅವಳ ಮುಖದ ಮೇಲೆ ತಾನಾಗಿ ಬಂದು ಕೂತಿತ್ತು. ಮೂವತ್ತೊಂಬತ್ತು ವರ್ಷ ಅಭ್ಯಾಸವಾದ ನಗು. ಅದನ್ನು ಒರೆಸಿ ಹಾಕಲು ಯಾವ ಸ್ಪಿರಿಟ್ಟೂ ಇಲ್ಲ ಎನಿಸಿ, ಅವನ ಬೆರಳಿಗಿಂತ ತನ್ನ ತುಟಿಯೇ ಅವಳಿಗೆ ಹೆಚ್ಚು ಹೇಸಿಗೆಯಾಯಿತು. ಜಾಮು ಕೈಮೇಲೆ ಇಳಿಯುತ್ತಿತ್ತು. ಸುತ್ತಲೂ ಹಲ್ಲು, ಕೆನೆ, ಬಿಸಿಲು, "ಚೆನ್ನಾಗಿದೆ ಅಲ್ವಾ?" ಎನ್ನುವ ಬಾಯಿಗಳು. ಈಗ ಹೇಳಿದರೆ ಅಂಗಳ ಹಾಳು ಮಾಡಿದವಳು ಅವಳಾಗುತ್ತಾಳೆ, ಅವನಲ್ಲ. ಮೇ ಹದಿನೈದಕ್ಕೆ ಇನ್ನು ಹನ್ನೆರಡು ದಿನ.

ಓಡ್‌ಗೈರ್ ಚಮಚದಿಂದ ಬಟ್ಟಲು ತಟ್ಟಿದ. ಪ್ರತಿ ವರ್ಷದ ಎರಡು ಮಾತು.

"ನೋಡಿ, ಎಷ್ಟು ಚೊಕ್ಕಟ ಆಯ್ತು! ಇದೇ ನಮ್ಮ ದುಗ್ನಾದ್. ಎಲ್ರದ್ದೂ ಸಮ ಕೆಲಸ, ಎಲ್ರಿಗೂ ಸಮ ಪಾಲು. ಇನ್ನೊಂದು ವಿಷಯ. ನಮ್ಮ ಗುನ್ವೋರ್‌ಗೆ ಚಾರ್ಜಿಂಗ್ ನಿಧಾನ ಅಂತ ಸ್ವಲ್ಪ ಕೊರಗಿದೆ." ಅವಳ ಕಡೆ ತಿರುಗಿ ಮೆಲ್ಲಗೆ ತಲೆಯಾಡಿಸಿದ, ದಡ್ಡ ಹುಡುಗಿಯನ್ನು ಸಮಾಧಾನ ಮಾಡುವ ಮೇಷ್ಟರ ಹಾಗೆ. "ನಾನೇ ನೋಡಿದೀನಿ, ಪೆಟ್ಟಿಗೆ ಸರಿಯಾಗಿದೆ. ಕರೆಂಟು ಹನ್ನೆರಡು ಮನೆಗೂ ಒಂದೇ. ಇಲ್ಲಿ ಯಾರೂ ಯಾರಿಗಿಂತ ದೊಡ್ಡೋರಲ್ಲ. ಸರಿ, ಯಾರಿಗಾದ್ರೂ ಏನಾದ್ರೂ ಕೇಳೋದಿದ್ಯಾ?"

ಯಾರೂ ಏನೂ ಕೇಳುವುದಿಲ್ಲ. ಅದು ಕೇಳಲೆಂದು ಹೇಳುವ ಮಾತಲ್ಲ, ಕಾಫಿ ಬಗ್ಗಿಸಲು ಸೂಚನೆ. ಸಿಸ್ಸೆಲ್ ಆಗಲೇ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು.

ಗುನ್ವೋರಳ ಪಕ್ಕದಲ್ಲಿ ಪುಟ್ಟ ತೋಳೊಂದು ಮೇಲೆದ್ದಿತು. ಶಾಲೆಯಲ್ಲಿ ಎತ್ತುವ ಹಾಗೆ, ಕಿವಿಗೆ ತಾಗಿ, ನೆಟ್ಟಗೆ, ತೋರುಬೆರಳು ಮೇಲೆ. ತೀರಿಲಳ ಗಲ್ಲದ ಮೇಲೆ ಕೆನೆ ಮೆತ್ತಿತ್ತು.

"ಓಹೋ, ತೀರಿಲ್!" ಓಡ್‌ಗೈರ್ ನಕ್ಕ. ಕೆಲವರು ನಕ್ಕರು. "ಕೇಳಮ್ಮ, ಕೇಳು."

ಗುನ್ವೋರಳ ಕೈ ಅಭ್ಯಾಸದಂತೆ ಮಗಳ ಭುಜದತ್ತ ಹೋಯಿತು. ಆಮೇಲೆ ಕೇಳು ಪುಟ್ಟಿ, ಕಾರಲ್ಲಿ ಕೇಳು, ಅನುಮಾನ ಪಟ್ಟ ಹಾಗಾಗತ್ತೆ. ಚಳಿಗಾಲವೆಲ್ಲ ಹೇಳಿದ ಮಾತುಗಳು ಒಂದರ ಹಿಂದೊಂದು ನಾಲಿಗೆಯ ತುದಿಗೆ ಬಂದವು. ಅವಳು ಆ ಕೈಯನ್ನು ಅಲ್ಲೇ ನಿಲ್ಲಿಸಿದಳು. ತಿನ್ನದ ವಾಫಲನ್ನು ಮೇಜಿನ ಅಂಚಿಗೆ ಇಟ್ಟು, ಏಪ್ರನ್ನಿಗೆ ಬೆರಳು ಒರೆಸಿಕೊಂಡು, ಮಗಳ ಗಲ್ಲದ ಮೇಲಿನ ಕೆನೆಯನ್ನು ಹೆಬ್ಬೆರಳಿನಿಂದ ತೆಗೆದಳು.

"ಕೇಳು ಬಂಗಾರ," ಎಂದಳು. "ಜೋರಾಗಿ ಕೇಳು."

ತೀರಿಲ್ ಕೈ ಇಳಿಸಿದಳು.

"ಓಡ್‌ಗೈರ್, ನೀನು ದಿನಾ ಸಂಜೆ ಆ ಬೀರು ತೆಗೆದು ನಮ್ಮ ದೀಪಾನ ಯಾಕೆ ನಿಧಾನ ಮಾಡ್ತೀಯ?"